ವಿಮೆಯ ಕಾಗದಕ್ಕೆ ಸಹಿ ಹಾಕುವ ಮುನ್ನ

(ಪಾಡಿಯ ಪ್ರಾರ್ಥನಾ ಕೂಟದ ಬಳಿಕ ವಯನಾಡಿನ ತೋಟದ ಕುಟುಂಬಗಳ ಮುಂದೆ ಮಾಡಿದ ಭಾಷಣ)



ಇಂದು ನಾವು ಆಡಬೇಕೆಂದಿರುವುದು ಸಂಬಳದ ಮಾತೂ ಅಲ್ಲ, ಬೋನಸ್ಸಿನ ಮಾತೂ ಅಲ್ಲ. ಅವಕ್ಕೆ ಯೂನಿಯನ್ನಿನ ಸಭೆಗಳಿವೆ. ಇಂದಿನ ಮಾತು ನಮ್ಮ ನಮ್ಮ ಮನೆಯ ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿಟ್ಟಿರುವ ಒಂದು ಕಾಗದದ ವಿಚಾರ. ಪಾಲಿಸಿ ಎನ್ನುತ್ತೇವಲ್ಲ, ಅದು. ಹೋದ ವಾರ ಕೆಳಗಿನ ಪಾಡಿಯಲ್ಲಿ ಮನೆಮನೆಗೂ ಹೋಗಿ, "ನಿಮ್ಮ ಪಾಲಿಸಿ ತೋರಿಸಿ" ಎಂದು ಕೇಳಿದೆವು. ಕೆಲವರು ಹಳೆಯ ರಸೀದಿ ತಂದರು. ಕೆಲವರು ಬ್ಯಾಂಕಿನ ಪಾಸ್‌ಬುಕ್ಕನ್ನೇ ಪಾಲಿಸಿಯೆಂದು ತಂದರು. ಒಬ್ಬ ಅಜ್ಜಿ ಕಂಪೆನಿಯ ಕ್ಯಾಲೆಂಡರ್ ತಂದು ಕೈಗಿತ್ತರು. ನಗಬೇಡಿರಿ, ಆ ಕ್ಯಾಲೆಂಡರನ್ನು ಕೊಟ್ಟವನು "ಅಜ್ಜೀ, ಇದನ್ನು ಜೋಪಾನವಾಗಿಡಿ" ಎಂದು ಹೇಳಿ ಹೋಗಿದ್ದನಂತೆ.

ನಾವು ಈ ಮಾತನ್ನು ಎತ್ತಿಕೊಳ್ಳಲು ಒಂದು ಕಾರಣವಿದೆ. ಅದನ್ನು ಮುಚ್ಚಿಡದೆ ಹೇಳಿಬಿಡುತ್ತೇವೆ.

ನಮ್ಮ ತೋಟದಲ್ಲಿ ಮದ್ದು ಹೊಡೆಯುವ ಕೆಲಸದಲ್ಲಿದ್ದ ಸಹೋದರರೊಬ್ಬರಿದ್ದರು. ಅವರ ಹೆಂಡತಿ ಸೊಪ್ಪು ಕೀಳುವವರು. ಎರಡು ಮಕ್ಕಳು. ಒಬ್ಬ ಏಜೆಂಟ್ ಪ್ರತಿ ತಿಂಗಳು ಸಂಬಳದ ದಿನ ಮಸ್ಟರಿನ ಬಳಿಯ ಚಹಾ ಅಂಗಡಿಗೆ ಬರುತ್ತಿದ್ದ. ಸಹೋದರರು 500 ರೂಪಾಯಿ ಕೊಡುತ್ತಿದ್ದರು, ಅವನು ಒಂದು ಸಣ್ಣ ನೋಟುಪುಸ್ತಕದಲ್ಲಿ ತಾರೀಖು ಬರೆದು ಸಹಿ ಹಾಕುತ್ತಿದ್ದ. ಎರಡೂವರೆ ವರ್ಷ ಹೀಗೆಯೇ ನಡೆಯಿತು. ಒಂದು ಮುಂಜಾನೆ ಮಸ್ಟರಿಗೆ ಹೊರಟಿದ್ದ ಸಹೋದರರು ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ. ದಫನದ ಹತ್ತನೆಯ ದಿನ ನಾವು ಆ ಸಹೋದರಿಯನ್ನು ಕರೆದುಕೊಂಡು ವಿಮಾ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತರು ನಂಬರು ನೋಡಿ, ಪಾಲಿಸಿ ಲ್ಯಾಪ್ಸ್ ಆಗಿ ಒಂದೂವರೆ ವರ್ಷವಾಯಿತು ಎಂದರು. ಮೊದಲ ವರ್ಷದ ಕಂತು ಮಾತ್ರ ಕಚೇರಿಗೆ ಬಂದಿತ್ತು. ಉಳಿದದ್ದೆಲ್ಲ ನೋಟುಪುಸ್ತಕದಲ್ಲೇ ಉಳಿದಿತ್ತು.

ಆ ಏಜೆಂಟ್ ಪರವೂರಿನವನಲ್ಲ, ನಮ್ಮ ಹಬ್ಬದ ಊಟಕ್ಕೆ ಬರುತ್ತಿದ್ದವನು. ಮೊದಲ ದಿನ ಅವನನ್ನು ಆ ಮನೆಗೆ ಕರೆದೊಯ್ದು, "ಅಣ್ಣಾ, ಇವರು ನಮ್ಮವರೇ, ನಂಬಬಹುದು" ಎಂದು ಹೇಳಿದವರು ಯಾರೆಂದು ಕೇಳುವಿರಾ? ನಾವೇ. ಉಪದೇಶಿಯ ಮಾತೆಂದು ಆ ಮನೆಯವರು ನಂಬಿದರು. ಆ ಭಾರ ಇಂದಿಗೂ ನಮ್ಮ ಮೇಲಿದೆ.

ಏಜೆಂಟನ ಕೈಗೆ ಕೊಟ್ಟ ಹಣ ಕಂಪೆನಿಗೆ ಕೊಟ್ಟಂತೆಯೇ ಅಲ್ಲವೇ ಎಂದು ನೀವು ಕೇಳಬಹುದು. ನಾವೂ ಹಾಗೆಯೇ ತಿಳಿದಿದ್ದೆವು. ಅದು ತಪ್ಪು. ಇದೇ ಪ್ರಶ್ನೆ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಒಬ್ಬ ಪಾಲಿಸಿದಾರರು ತಮ್ಮ ಕಂತಿನ ಹಣವನ್ನು ಚೆಕ್ಕಿನ ಮೂಲಕ ಏಜೆಂಟನ ಕೈಗೆ ಕೊಟ್ಟಿದ್ದರು. ಅವನು ಸಕಾಲದಲ್ಲಿ ಕಟ್ಟಲಿಲ್ಲ. ಅಷ್ಟರಲ್ಲಿ ಪಾಲಿಸಿದಾರರು ಅಪಘಾತದಲ್ಲಿ ತೀರಿಕೊಂಡರು. 1997ರಲ್ಲಿ ಕೋರ್ಟು ಕೊಟ್ಟ ತೀರ್ಪೇನೆಂದರೆ, ಜೀವ ವಿಮಾ ನಿಗಮದ ನಿಯಮದಂತೆ ಏಜೆಂಟನಿಗೆ ಕಂತಿನ ಹಣ ವಸೂಲು ಮಾಡುವ ಅಧಿಕಾರವೇ ಇರಲಿಲ್ಲ, ಆದುದರಿಂದ ಅವನಿಗೆ ಕೊಟ್ಟದ್ದು ನಿಗಮಕ್ಕೆ ಕೊಟ್ಟಂತಾಗುವುದಿಲ್ಲ. ಈಗ ಕೆಲವು ಏಜೆಂಟರಿಗೆ ಕಂತು ಪಡೆಯುವ ಅನುಮತಿ ಉಂಟು. ಅಂಥವರು ಅಲ್ಲಿಯೇ ಕಂಪೆನಿಯ ಅಚ್ಚಾದ ರಸೀದಿ ಕೊಡುತ್ತಾರೆ. ಕೊಟ್ಟ ಹಣಕ್ಕೆ ಪಾಲಿಸಿ ನಂಬರಿರುವ ರಸೀದಿ ಬಾರದಿದ್ದರೆ, ಅದು ವಿಮೆಯಲ್ಲ, ಕೈಸಾಲ. ನೋಟುಪುಸ್ತಕದ ಸಹಿ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ.

ಇದಕ್ಕೆ ಎದುರಾದ ಇನ್ನೊಂದು ತೀರ್ಪೂ ಇದೆ, ಅದನ್ನು ತೋಟದವರು ಬಾಯಿಪಾಠ ಮಾಡಿಕೊಳ್ಳಬೇಕು. ಕೆಲವರ ವಿಮೆಯ ಕಂತನ್ನು ಸಂಬಳದಲ್ಲಿಯೇ ಹಿಡಿದುಕೊಂಡು ಕಚೇರಿಯವರು ನಿಗಮಕ್ಕೆ ಕಳುಹಿಸುತ್ತಾರೆ, ಸ್ಯಾಲರಿ ಸೇವಿಂಗ್ಸ್ ಸ್ಕೀಮ್ ಎನ್ನುತ್ತಾರೆ. ದೆಹಲಿಯ ವಿದ್ಯುತ್ ಸಂಸ್ಥೆಯ ಒಬ್ಬ ನೌಕರರ ಪಾಲಿಸಿ ಹಾಗಿತ್ತು. ಸಂಸ್ಥೆಯು ಕಂತನ್ನು ನಿಗಮಕ್ಕೆ ಸರಿಯಾಗಿ ಕಟ್ಟಲಿಲ್ಲ, ನೌಕರರು ತೀರಿಕೊಂಡರು, ಪಾಲಿಸಿ ಲ್ಯಾಪ್ಸ್ ಎಂದು ನಿಗಮ ಕೈ ಚೆಲ್ಲಿತು. 1999ರಲ್ಲಿ ಸುಪ್ರೀಂ ಕೋರ್ಟು, ಇಂಥ ಏರ್ಪಾಟಿನಲ್ಲಿ ಕಂತು ಹಿಡಿಯುವ ಮಾಲೀಕನೇ ನಿಗಮದ ಏಜೆಂಟನಂತೆ, ಆದುದರಿಂದ ಹಣ ಕೊಡತಕ್ಕದ್ದು ಎಂದು ಹೇಳಿತು. 2005ರಲ್ಲಿ ಮತ್ತೊಂದು ಮೊಕದ್ದಮೆಯಲ್ಲಿಯೂ ಹಾಗೆಯೇ ಆಯಿತು. ಆದ್ದರಿಂದ ಸಂಬಳದಲ್ಲಿ ವಿಮೆಗೆಂದು ಕಟ್ ಆಗುತ್ತಿರುವವರು ಒಂದೊಂದು ತಿಂಗಳ ಸಂಬಳದ ಚೀಟಿಯನ್ನೂ ಇಟ್ಟುಕೊಳ್ಳಿರಿ. ಬೀಡಿ ಹಚ್ಚಲು ಉಪಯೋಗಿಸಬೇಡಿರಿ. ತೋಟ ಕಷ್ಟಕ್ಕೆ ಬಿದ್ದಾಗ ಕಚೇರಿಯವರು ಮೊದಲು ನಿಲ್ಲಿಸುವುದು ನಮ್ಮ ಹೆಸರಿನಲ್ಲಿ ಹೊರಗೆ ಕಟ್ಟಬೇಕಾದ ಹಣವನ್ನು. ಆಗ ಆ ಚೀಟಿಯೇ ಸಾಕ್ಷಿ.

ಆ ಸಹೋದರಿಯ ಮಾತು ಮುಗಿಯಲಿಲ್ಲ. ವಿಮಾ ಕಚೇರಿಯಿಂದ ಬರಿಗೈಯಲ್ಲಿ ಬಂದೆವು. ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಆ ಸಾಯಂಕಾಲ ಯೂನಿಯನ್ನಿನ ಹಿರಿಯರೊಬ್ಬರು, "ಅವನು ಪಿ.ಎಫ್. ಮೆಂಬರಾಗಿದ್ದನಲ್ಲ, ಇ.ಡಿ.ಎಲ್.ಐ. ಅರ್ಜಿ ಹಾಕಿದಿರಾ?" ಎಂದು ಕೇಳಿದರು. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು. ಎಸ್ಸೆಸ್ಸೆಲ್ಸಿ ಓದಿದ್ದೇವೆ, ಹತ್ತಾರು ಅರ್ಜಿ ಬರೆದುಕೊಟ್ಟಿದ್ದೇವೆ, ಇದು ಮಾತ್ರ ತಿಳಿದಿರಲಿಲ್ಲ.

1976ರಿಂದಲೂ ಪ್ರಾವಿಡೆಂಟ್ ಫಂಡಿನೊಡನೆ ಒಂದು ವಿಮೆ ಸೇರಿಕೊಂಡಿದೆ. ಅದಕ್ಕೆ ನಮ್ಮ ಸಂಬಳದಲ್ಲಿ ಒಂದು ಕಾಸೂ ಹಿಡಿಯುವುದಿಲ್ಲ, ಮಾಲೀಕನೇ ನೂರಕ್ಕೆ ಅರ್ಧ ರೂಪಾಯಿಯ ಲೆಕ್ಕದಲ್ಲಿ ಕಟ್ಟುತ್ತಾನೆ. ಕೆಲಸದಲ್ಲಿರುವಾಗ ಮೆಂಬರು ತೀರಿಕೊಂಡರೆ, ಅಪಘಾತವಾಗಲಿ ಕಾಯಿಲೆಯಾಗಲಿ, ನಾಮಿನಿಗೆ ಹಣ ಸಿಗುತ್ತದೆ. 2021ರಿಂದ ಅದರ ಮಿತಿ 7 ಲಕ್ಷ ರೂಪಾಯಿ. ಒಂದು ವರ್ಷ ಎಡೆಬಿಡದೆ ಕೆಲಸ ಮಾಡಿದವರ ಕುಟುಂಬಕ್ಕೆ ಕಡಿಮೆಯೆಂದರೂ ಎರಡೂವರೆ ಲಕ್ಷ. ಆದರೆ ಅರ್ಜಿ ಹಾಕಿದವರಿಗೆ ಮಾತ್ರ. 5 ಐ.ಎಫ್. ಎಂಬ ಫಾರಂ, ಮರಣ ಪತ್ರ, ನಾಮಿನಿಯ ಬ್ಯಾಂಕ್ ಖಾತೆ, ಕಚೇರಿಯ ಸಹಿ. ಇದರ ವಿಷಯ ಯಾವ ಏಜೆಂಟನೂ ನಿಮಗೆ ಹೇಳುವುದಿಲ್ಲ, ಏಕೆಂದರೆ ಇದರಲ್ಲಿ ಕಮಿಷನ್ ಇಲ್ಲ. ಆ ಸಹೋದರಿಗೆ ಎರಡೂವರೆ ಲಕ್ಷಕ್ಕೆ ಮೇಲೆ ಬಂತು. ದೊಡ್ಡ ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ.

ಹಾಗಾದರೆ ಹೊಸ ಪಾಲಿಸಿ ತೆಗೆಯುವ ಮುನ್ನ ನಮ್ಮಲ್ಲಿ ಆಗಲೇ ಏನಿದೆ ಎಂದು ನೋಡಬೇಕು. ಪಿ.ಎಫ್. ವಿಮೆಯ ವಿಚಾರ ಹೇಳಿದೆವು. 2015ರಲ್ಲಿ ಬಂದ ಎರಡು ಸರ್ಕಾರೀ ಯೋಜನೆಗಳು ನಿಮ್ಮ ಬ್ಯಾಂಕಿನಲ್ಲಿಯೇ ಇವೆ. ಜೀವನ ಜ್ಯೋತಿ ಬಿಮಾ ಎಂಬುದಕ್ಕೆ ವರ್ಷಕ್ಕೆ 436 ರೂಪಾಯಿ. 18ರಿಂದ 50 ವಯಸ್ಸಿನೊಳಗೆ ಸೇರಬೇಕು, ಯಾವ ಕಾರಣದಿಂದ ತೀರಿಕೊಂಡರೂ 2 ಲಕ್ಷ, ಮೊದಲ 30 ದಿನಗಳಲ್ಲಿ ಮಾತ್ರ ಅಪಘಾತದ ಮರಣಕ್ಕಷ್ಟೇ. ಸುರಕ್ಷಾ ಬಿಮಾ ಎಂಬುದಕ್ಕೆ ವರ್ಷಕ್ಕೆ 20 ರೂಪಾಯಿ, 70 ವಯಸ್ಸಿನವರೆಗೆ, ಅಪಘಾತದಲ್ಲಿ ಸತ್ತರೆ ಇನ್ನೊಂದು 2 ಲಕ್ಷ. ಹಾವು ಕಚ್ಚಿದರೂ, ಮೆಣಸು ಕೊಯ್ಯುವಾಗ ಮರದಿಂದ ಬಿದ್ದರೂ ಇದು ಸಿಗುತ್ತದೆ, ಆದರೆ ಆಗಿಂದಾಗ್ಗೆ ಆಸ್ಪತ್ರೆಗೆ ಹೋದ ದಾಖಲೆ ಬೇಕು. ನಾಟಿ ಮದ್ದಿನವರ ಮನೆಯಲ್ಲಿ ಎರಡು ದಿನ ಕಳೆದು ಆಮೇಲೆ ಆಸ್ಪತ್ರೆಗೆ ಹೋದರೆ ಜೀವವೂ ಹೋಗುತ್ತದೆ, ಕಾಗದವೂ ಇರುವುದಿಲ್ಲ.

ಈ ಎರಡರ ಹಣವೂ ಮೇ ತಿಂಗಳ ಕೊನೆಯಲ್ಲಿ ಖಾತೆಯಿಂದ ತಾನಾಗಿ ಕಟ್ ಆಗುತ್ತದೆ. ಮೇ ತಿಂಗಳೆಂದರೆ ನಮಗೆ ಶಾಲೆಯ ಖರ್ಚಿನ ತಿಂಗಳು, ಖಾತೆಯಲ್ಲಿ ಏನೂ ಇರುವುದಿಲ್ಲ. ಖಾತೆ ಬರಿದಾಗಿದ್ದರೆ ಜೂನ್ ಒಂದರಿಂದ ವಿಮೆಯೂ ಇಲ್ಲ. ಆದ ಕಾರಣ 456 ರೂಪಾಯಿಯನ್ನು ಅಲ್ಲಿಯೇ ಬಿಟ್ಟಿಡಿರಿ. ಎರಡು ಬ್ಯಾಂಕಿನಲ್ಲಿ ಸೇರಿದರೆ ಎರಡು ಪಾಲು ಸಿಗುವುದೆಂದು ತಿಳಿಯಬೇಡಿರಿ, ಒಬ್ಬರಿಗೆ ಒಂದೇ. ಆಸ್ಪತ್ರೆಯ ಖರ್ಚಿಗೆ ಕೇರಳದಲ್ಲಿ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ, ಗಡಿಯಾಚೆ ಗೂಡಲೂರಿನ ಕಡೆಯವರಿಗೆ ತಮಿಳುನಾಡಿನ ಮುಖ್ಯಮಂತ್ರಿಗಳ ವಿಮೆ ಇವೆ. ಕಾರ್ಡು ಇದ್ದವರು ಅದು ಚಾಲ್ತಿಯಲ್ಲಿದೆಯೇ ಎಂದು ಆಸ್ಪತ್ರೆಗೆ ಸೇರುವ ಮೊದಲು ನೋಡಿಕೊಳ್ಳಿರಿ, ಸೇರಿದ ಮೇಲಲ್ಲ.

ಇನ್ನು ಏಜೆಂಟನು ಸಾಮಾನ್ಯವಾಗಿ ಮಾರುವ ಪಾಲಿಸಿಯ ಲೆಕ್ಕ. "ತಿಂಗಳಿಗೆ ಐನೂರು ಕಟ್ಟಿ ಅಕ್ಕಾ, ಇಪ್ಪತ್ತು ವರ್ಷಕ್ಕೆ ಎರಡು ಲಕ್ಷ ಕೈಗೆ ಬರುತ್ತದೆ, ಮಗಳ ಮದುವೆಗೆ ಆಯಿತು" ಎನ್ನುತ್ತಾನೆ. ಎರಡು ಲಕ್ಷ ಎಂದ ಕೂಡಲೇ ನಮಗೆ ಮದುವೆಯ ಚಪ್ಪರ ಕಾಣಿಸುತ್ತದೆ. ನಮ್ಮ ಮಗಳು ಕುಳಿತು ಲೆಕ್ಕ ಹಾಕಿದಳು. ವರ್ಷಕ್ಕೆ 6,000, ಇಪ್ಪತ್ತು ವರ್ಷಕ್ಕೆ ನಾವು ಕಟ್ಟಿದ್ದೇ 1,20,000. ಅದು ಎರಡು ಲಕ್ಷವಾಗುವುದೆಂದರೆ ಬಡ್ಡಿ ಹೆಚ್ಚು ಕಡಿಮೆ ನೂರಕ್ಕೆ ಐದು. ಪಿ.ಎಫ್. ಹಣಕ್ಕೆ 2023–24ರಲ್ಲಿಯೂ 2024–25ರಲ್ಲಿಯೂ ಕೊಟ್ಟ ಬಡ್ಡಿ 8.25. ಅದೇ ಬಡ್ಡಿ ನಿಂತರೆ ಅದೇ 6,000 ಇಪ್ಪತ್ತು ವರ್ಷಕ್ಕೆ 2,80,000 ದಾಟುತ್ತದೆ. ಬಡ್ಡಿ ವರ್ಷವರ್ಷವೂ ಬದಲಾಗಬಹುದು, ಒಪ್ಪಿದೆವು. ಆದರೂ ಅಂತರ ಕಣ್ಣಿಗೆ ಬೀಳುತ್ತದಲ್ಲ. ಕಚೇರಿಯಲ್ಲಿ ಬರೆದುಕೊಟ್ಟರೆ ಕಡ್ಡಾಯದ ಪಾಲಿಗಿಂತ ಹೆಚ್ಚಾಗಿ ಪಿ.ಎಫ್.ಗೆ ಹಿಡಿಸಿಕೊಳ್ಳಬಹುದು.

ಹಾಗೆಂದು ಪಾಲಿಸಿಯೇ ಬೇಡವೆಂದು ನಾವು ಹೇಳುವುದಿಲ್ಲ. ಕೈಯಲ್ಲಿದ್ದರೆ ಖರ್ಚಾಗಿಬಿಡುತ್ತದೆ, ಪಾಲಿಸಿಯಲ್ಲಿದ್ದರೆ ಉಳಿಯುತ್ತದೆ ಎನ್ನುವ ಮನೆಗಳೂ ಇವೆ, ಅದು ನಿಜವೇ. ಅಂಥವರು ಅಂಚೆ ಕಚೇರಿಯ ಗ್ರಾಮೀಣ ವಿಮೆಯನ್ನೂ ವಿಚಾರಿಸಿರಿ. ಅಂಚೆ ವಿಮೆ 1884ರಷ್ಟು ಹಳೆಯದು, ಹಳ್ಳಿಯವರಿಗೆಂದು 1995ರಲ್ಲಿ ತೆರೆದರು, ಕಂತನ್ನು ಅಂಚೆ ಕಚೇರಿಯಲ್ಲಿಯೇ ಕಟ್ಟಬಹುದು. ಉಳಿತಾಯ ಒಂದು, ರಕ್ಷಣೆ ಒಂದು, ಇವೆರಡನ್ನು ಬೇರೆ ಬೇರೆಯಾಗಿ ಕೇಳುವುದನ್ನು ಕಲಿಯಿರಿ. "ನಾಳೆ ನಾನು ಸತ್ತರೆ ಮನೆಗೆ ಎಷ್ಟು ಬರುತ್ತದೆ?" ಎಂಬುದು ಮೊದಲ ಪ್ರಶ್ನೆ. ಇದನ್ನು ಕೇಳಲು ನಮ್ಮವರು ಅಂಜುತ್ತಾರೆ, ಅಪಶಕುನವೆಂದು. ಏಜೆಂಟನಿಗೂ ಆ ಅಂಜಿಕೆ ಅನುಕೂಲವೇ.

ವಿಮೆ ಮಾಡುವುದು ದೇವರಲ್ಲಿ ಅಪನಂಬಿಕೆ ಎಂದು ನಮ್ಮ ಸಭೆಯ ಒಬ್ಬಿಬ್ಬರು ಹಿರಿಯರು ಹೇಳುವುದುಂಟು. ಐಗುಪ್ತದಲ್ಲಿ ಯೋಸೇಫನು ಬರಗಾಲಕ್ಕೆ ಮುಂಚೆ ಏಳು ವರ್ಷ ಧಾನ್ಯ ಕೂಡಿಡಿಸಿದ್ದನ್ನು ಅವರಿಗೆ ನೆನಪು ಮಾಡುತ್ತೇವೆ, ಇಂದು ಅಷ್ಟು ಸಾಕು.

ಮನೆಯಲ್ಲಿ ವಿಮೆ ಯಾರ ಹೆಸರಿನಲ್ಲಿರಬೇಕು? ದುಡಿಯುವವರ ಹೆಸರಿನಲ್ಲಿ. ಮೂರು ವರ್ಷದ ಮಗುವಿನ ಹೆಸರಿನಲ್ಲಿ ಪಾಲಿಸಿ ತೆಗೆದು, ಅನ್ನ ತರುವ ಅಪ್ಪ ಅಮ್ಮನಿಗೆ ಏನೂ ಇಲ್ಲದ ಮನೆಗಳನ್ನು ಎಷ್ಟೋ ಕಂಡಿದ್ದೇವೆ. ಮಗುವಿನ ಮೇಲಿನ ಪ್ರೀತಿಯನ್ನು ಹಿಡಿದು ಮಾರುವುದು ಸುಲಭ. ಹೆಣ್ಣಾಳಿನ ಸಂಬಳವೂ ಸಂಬಳವೇ, ಅವಳ ಮೇಲೂ ವಿಮೆ ಬೇಕು ಎಂಬುದನ್ನು ಗಂಡಸರು ಕೇಳಿಸಿಕೊಳ್ಳಿರಿ.

ಫಾರಂ ತುಂಬುವಾಗ ನಡೆಯುವುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಮನೆಗಳು ಮುಳುಗುವುದು ಇಲ್ಲಿಯೇ. ಫಾರಂ ಇಂಗ್ಲಿಷಿನಲ್ಲೋ ಮಲೆಯಾಳದಲ್ಲೋ ಇರುತ್ತದೆ. ಏಜೆಂಟ್ "ಇಲ್ಲಿ, ಇಲ್ಲಿ, ಇಲ್ಲಿ" ಎಂದು ಬೆರಳಿಟ್ಟು ತೋರಿಸುತ್ತಾನೆ, ನಾವು ಸಹಿ ಹಾಕುತ್ತೇವೆ. ಸಕ್ಕರೆ ಕಾಯಿಲೆ ಇದೆಯಲ್ಲ ಎಂದರೆ, "ಅದನ್ನು ಬರೆಯುವುದು ಬೇಡ, ಬರೆದರೆ ಪಾಲಿಸಿ ಸಿಗುವುದಿಲ್ಲ" ಎನ್ನುತ್ತಾನೆ. ಅವನಿಗೆ ಬೇಕಾದದ್ದು ಮೊದಲ ವರ್ಷದ ಕಂತು, ಏಕೆಂದರೆ ಅದರಲ್ಲಿನ ಕಮಿಷನ್ ಮುಂದಿನ ವರ್ಷಗಳಿಗಿಂತ ಬಹಳ ಹೆಚ್ಚು. ಒಂದೆರಡು ವರ್ಷದಲ್ಲಿ ಸಾವು ಸಂಭವಿಸಿದರೆ ಕಂಪೆನಿಯಿಂದ ಒಬ್ಬರು ವಿಚಾರಣೆಗೆ ಬರುತ್ತಾರೆ. ಎಲ್ಲಿಗೆ ಹೋಗುತ್ತಾರೆ ಗೊತ್ತೇ? ನೇರವಾಗಿ ತೋಟದ ಡಿಸ್ಪೆನ್ಸರಿಗೆ. ನಾವು ಯಾವ ದಿನ ಯಾವ ಮಾತ್ರೆ ತೆಗೆದುಕೊಂಡೆವೆಂದು ಕಾಂಪೌಂಡರನ ರಿಜಿಸ್ಟರಿನಲ್ಲಿ ಬರೆದಿರುತ್ತದೆ. ಹಣ ನಿಂತುಹೋಗುತ್ತದೆ. "ಏಜೆಂಟ್ ತುಂಬಿದ, ನನಗೆ ತಿಳಿಯದು" ಎಂದರೆ ನಡೆಯುವುದಿಲ್ಲ. ಸಹಿ ಹಾಕಿದವರದೇ ಹೊಣೆ ಎಂದು ಸುಪ್ರೀಂ ಕೋರ್ಟು 2019ರಲ್ಲಿಯೂ ಹೇಳಿದೆ. ವಿಮಾ ಕಾಯ್ದೆಯ 45ನೆಯ ಕಲಮಿನಂತೆ ಮೂರು ವರ್ಷ ಕಳೆದ ಪಾಲಿಸಿಯನ್ನು ಕಂಪೆನಿ ಪ್ರಶ್ನಿಸುವಂತಿಲ್ಲ, ಅದು 2015ರಲ್ಲಿ ಆದ ಒಳ್ಳೆಯ ತಿದ್ದುಪಡಿ. ಆದರೆ ಮೂರು ವರ್ಷ ಬದುಕಿರುತ್ತೇವೆಂದು ಸುಳ್ಳು ಬರೆಯುವುದೇ? ಇದ್ದದ್ದನ್ನು ಬರೆಯಿಸಿರಿ. ಕಂತು ಸ್ವಲ್ಪ ಹೆಚ್ಚಾಗಬಹುದು, ಇಲ್ಲವೇ ಪಾಲಿಸಿ ಸಿಗದೆಯೂ ಹೋಗಬಹುದು. ಆಗ ಹಣವಾದರೂ ನಮ್ಮಲ್ಲಿರುತ್ತದೆ. ಖಾಲಿ ಫಾರಮಿಗೆ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ಓದಿದ ಮಕ್ಕಳಿಂದ ಓದಿಸಿ ಕೇಳಿ, ತುಂಬಿದ ಮೇಲೆ ಫೋನಿನಲ್ಲಿ ಒಂದು ಫೋಟೋ ಹಿಡಿದಿಟ್ಟುಕೊಳ್ಳಿರಿ.

ಮೊದಲ ಕಂತನ್ನು ನಾನೇ ಕಟ್ಟುತ್ತೇನೆ, ಕಮಿಷನ್ನಿನಲ್ಲಿ ಅರ್ಧ ನಿಮಗೆ ಕೊಡುತ್ತೇನೆ ಎನ್ನುವವನನ್ನು ನಂಬಬೇಡಿರಿ. 41ನೆಯ ಕಲಮಿನಂತೆ ಹಾಗೆ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಹಳೆಯ ಪಾಲಿಸಿಯನ್ನು ಮುರಿದು ಹೊಸದು ಮಾಡಿಸೆನ್ನುವವನ ಮಾತನ್ನೂ ನಿಧಾನಿಸಿರಿ, ಮುರಿದರೆ ನಷ್ಟ ನಮ್ಮದು, ಹೊಸ ಕಮಿಷನ್ ಅವನದು. 2025ರ ಸೆಪ್ಟೆಂಬರ್ 22ರಿಂದ ನಾವು ಸ್ವಂತಕ್ಕೆ ತೆಗೆಯುವ ಜೀವ ವಿಮೆ, ಆರೋಗ್ಯ ವಿಮೆಗಳ ಕಂತಿನ ಮೇಲೆ ಜಿ.ಎಸ್.ಟಿ. ಇಲ್ಲ. ಅದರ ಹೆಸರಿನಲ್ಲಿ ಇನ್ನೂ ಹಣ ಕೇಳುವವನಿದ್ದರೆ ರಸೀದಿಯಲ್ಲಿ ಬರೆದು ಕೊಡು ಎನ್ನಿರಿ.

ಒಳ್ಳೆಯ ಏಜೆಂಟರೂ ಇದ್ದಾರೆ, ನಾವು ಎಲ್ಲರನ್ನೂ ದೂಷಿಸುವುದಿಲ್ಲ. ಜಡಿಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಮೇಲಿನ ಪಾಡಿಗೆ ಹತ್ತಿಬಂದು, ಸತ್ತವರ ಕ್ಲೈಮ್ ಫಾರಂ ತುಂಬಿಕೊಟ್ಟು, ಚಹಾ ಕೂಡ ಕುಡಿಯದೆ ಹೋದವರೊಬ್ಬರನ್ನು ಬಲ್ಲೆವು. ಅಂಥವರು "ನಿಮ್ಮ ಸಂಬಳಕ್ಕೆ ಇಷ್ಟು ಕಂತು ಭಾರವಾಗುತ್ತದೆ, ಸಣ್ಣದು ಸಾಕು" ಎಂದೂ ಹೇಳುತ್ತಾರೆ. ಮಾರಲು ಬಂದವನು ಒಮ್ಮೆಯಾದರೂ ಬೇಡ ಎಂದನೇ ಎಂಬುದನ್ನು ನಾವು ಈಗ ಗಮನಿಸುತ್ತೇವೆ.

ಏಜೆಂಟ್ ಎಂದರೆ ಚೀಲ ಹಿಡಿದು ಪಾಡಿಗೆ ಬರುವವನು ಮಾತ್ರವಲ್ಲ. ಕೆಲವು ವರ್ಷಗಳ ಹಿಂದೆ ನಿವೃತ್ತರಾದ ನಮ್ಮ ಮೇಸ್ತ್ರಿಯೊಬ್ಬರು ಗ್ರಾಚ್ಯುಟಿ ಹಣವನ್ನು ಫಿಕ್ಸೆಡ್ ಇಡಲು ಬ್ಯಾಂಕಿಗೆ ಹೋದರು. ಟೈ ಕಟ್ಟಿದ ಹುಡುಗನೊಬ್ಬ ಕೂರಿಸಿ, "ಇದು ಎಫ್.ಡಿ.ಗಿಂತ ಒಳ್ಳೆಯದು ಅಂಕಲ್" ಎಂದು ಸಹಿ ಮಾಡಿಸಿಕೊಂಡ. ಮನೆಗೆ ಅಂಚೆಯಲ್ಲಿ ಬಂದದ್ದು ವಿಮಾ ಪಾಲಿಸಿ. ವರ್ಷಕ್ಕೆ 50,000ದಂತೆ ಐದು ವರ್ಷ ಕಟ್ಟಬೇಕಂತೆ! ಸಂಬಳವೇ ನಿಂತುಹೋದ ಮನುಷ್ಯ ಮುಂದಿನ ವರ್ಷ 50,000 ಎಲ್ಲಿಂದ ತರುವುದು? ಪುಣ್ಯಕ್ಕೆ ಅವರು ಲಕೋಟೆಯನ್ನು ಮೂರನೆಯ ದಿನವೇ ನಮ್ಮಲ್ಲಿಗೆ ತಂದರು. ಪಾಲಿಸಿ ಕೈಗೆ ಬಂದ ಮೇಲೆ ಇಷ್ಟು ದಿನದೊಳಗೆ ಬೇಡವೆಂದು ಹಿಂದಿರುಗಿಸಬಹುದು ಎಂಬ ನಿಯಮವಿದೆ, ಆಗ 15 ದಿನ, 2024ರಿಂದ ಅದು 30 ದಿನ. ಒಂದು ಪುಟದ ಕಾಗದ ಬರೆದು ಕಂಪೆನಿಯ ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆವು. ಸಣ್ಣ ಖರ್ಚು ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು. ಲಕೋಟೆ ಬಂದ ದಿನವೇ ಬಿಚ್ಚಿ ನೋಡಿರಿ, ಅದರ ಮೇಲೆ ಬಂದ ತಾರೀಖು ಬರೆದಿಡಿರಿ.

ಇನ್ನು ಫೋನು. "ನಿಮ್ಮ ಹಳೆಯ ಪಾಲಿಸಿಗೆ ಬೋನಸ್ ಬಂದಿದೆ, ನಾವು ಐ.ಆರ್.ಡಿ.ಎ.ಯಿಂದ ಮಾತನಾಡುವುದು, ಇಷ್ಟು ಹಣ ಕಳುಹಿಸಿದರೆ ಬಿಡುಗಡೆ ಮಾಡುತ್ತೇವೆ" ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಐ.ಆರ್.ಡಿ.ಎ.ಐ. ಎಂಬುದು ವಿಮಾ ಕಂಪೆನಿಗಳ ಮೇಲಿನ ಮೇಲ್ವಿಚಾರಣೆಯ ಸಂಸ್ಥೆ. ತಾವು ಪಾಲಿಸಿ ಮಾರುವುದೂ ಇಲ್ಲ, ಬೋನಸ್ ಹಂಚುವುದೂ ಇಲ್ಲ ಎಂದು ಅವರೇ ಪ್ರಕಟಣೆ ಕೊಟ್ಟಿದ್ದಾರೆ.

2024ರ ಜುಲೈ 30ರ ರಾತ್ರಿಯನ್ನು ಇಲ್ಲಿ ಯಾರೂ ಮರೆತಿಲ್ಲ. ಮುಂಡಕೈ, ಚೂರಲ್‌ಮಲದಲ್ಲಿ ಪಾಡಿಗಳೇ ಮಣ್ಣಿನಡಿಯಾದವು. ನಮ್ಮಲ್ಲಿ ಕೆಲವರ ಬಂಧುಗಳು ಅಲ್ಲಿದ್ದರು. ಟ್ರಂಕೂ ಹೋಯಿತು, ಕಾಗದವೂ ಹೋಯಿತು, ಕೆಲವು ಮನೆಗಳಲ್ಲಿ ಪಾಲಿಸಿದಾರನೂ ಹೋದ, ನಾಮಿನಿಯೂ ಹೋದಳು. ವಿಮಾ ಕಂಪೆನಿಗಳು ಕ್ಲೈಮುಗಳನ್ನು ಬೇಗ ಇತ್ಯರ್ಥ ಮಾಡಬೇಕೆಂದು ಕೇಂದ್ರ ಸರ್ಕಾರ ಆಗ ಸೂಚನೆ ಕೊಟ್ಟಿತು. ಕಾಣೆಯಾದವರನ್ನು ಮೃತರೆಂದು ಎಣಿಸಲು ಕೇರಳ ಸರ್ಕಾರ 2025ರ ಜನವರಿಯಲ್ಲಿ ತೀರ್ಮಾನಿಸಿತು. ಸಾಮಾನ್ಯವಾಗಿ ಕಾಣೆಯಾದವರಿಗೆ ಏಳು ವರ್ಷ ಕಾಯಬೇಕು. ಪಾಲಿಸಿಯ ಕಾಗದ ಹೋದರೂ ಹಕ್ಕು ಹೋಗುವುದಿಲ್ಲ, ಹೆಸರು, ಹುಟ್ಟಿದ ತಾರೀಖು, ನಂಬರು ಇದ್ದರೆ ಕಚೇರಿಯಲ್ಲಿ ಹುಡುಕಿಸಬಹುದು. ಆದರೆ ಪಾಲಿಸಿ ಇತ್ತೆಂಬುದೇ ಯಾರಿಗೂ ತಿಳಿಯದಿದ್ದರೆ ಹುಡುಕುವವರು ಯಾರು? ನಿಮ್ಮ ಪಾಲಿಸಿ ನಂಬರನ್ನು ಬೇರೆ ಊರಿನಲ್ಲಿರುವ ತಂಗಿಗೋ ಭಾವನಿಗೋ ಬರೆದು ಕೊಟ್ಟಿಡಿರಿ. ನಾಮಿನಿಯಾಗಿ ಒಬ್ಬರಿಗಿಂತ ಹೆಚ್ಚು ಜನರ ಹೆಸರನ್ನು ಬರೆಯಿಸಬಹುದು. ಚಿಕ್ಕ ಮಕ್ಕಳ ಹೆಸರಿದ್ದರೆ ಅವರ ಪರವಾಗಿ ಹಣ ಪಡೆಯುವ ಹಿರಿಯರೊಬ್ಬರ ಹೆಸರೂ ಬೇಕು. ಮದುವೆಯಾಗಿ ಹತ್ತು ವರ್ಷವಾದರೂ ತೀರಿಹೋದ ತಾಯಿಯ ಹೆಸರೇ ನಾಮಿನಿಯಾಗಿರುವ ಪಾಲಿಸಿಯನ್ನು ಹೋದ ವಾರವೂ ಕಂಡೆವು.

ಕಂತು ಕಟ್ಟುವ ತಾರೀಖನ್ನು ಬೋನಸ್ ಬರುವ ತಿಂಗಳಿಗೆ, ಓಣಂ ಸಮಯಕ್ಕೆ, ಹೊಂದಿಸಿಕೊಳ್ಳುವುದು ಒಳ್ಳೆಯದು. ತಿಂಗಳ ಕಂತಿಗೆ 15 ದಿನ, ವರ್ಷದ್ದಕ್ಕೆ 30 ದಿನ ವಾಯಿದೆ ಉಂಟು. ಅದೂ ಮೀರಿದರೆ ಪಾಲಿಸಿ ಸತ್ತಿತೆಂದು ಬಿಡಬೇಡಿರಿ, ಮತ್ತೆ ಚಾಲ್ತಿಗೆ ತರುವ ದಾರಿಯನ್ನು ಕಚೇರಿಯಲ್ಲಿಯೇ ಕೇಳಿರಿ, ಏಜೆಂಟನಲ್ಲಲ್ಲ.

ಕಂಪೆನಿ ನ್ಯಾಯವಲ್ಲದ ರೀತಿಯಲ್ಲಿ ಹಣ ನಿರಾಕರಿಸಿದರೆ, ಮೊದಲು ಕಂಪೆನಿಗೇ ಬರೆದು ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಎಂಬ ಅಧಿಕಾರಿಗೆ ಬರೆಯಬಹುದು, ಕೇರಳದವರಿಗೆ ಕೊಚ್ಚಿಯಲ್ಲಿ, ನೀಲಗಿರಿಯವರಿಗೆ ಚೆನ್ನೈಯಲ್ಲಿ. ಶುಲ್ಕವಿಲ್ಲ, ವಕೀಲರೂ ಬೇಡ. ಒಂದು ವರ್ಷದೊಳಗೆ ಬರೆಯಬೇಕೆಂಬುದನ್ನು ಮಾತ್ರ ಮರೆಯಬಾರದು.

ಆ ಏಜೆಂಟ್ ಏನಾದ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನೋಟುಪುಸ್ತಕವನ್ನು ಮುಂದಿಟ್ಟು ಯೂನಿಯನ್ನಿನವರು ಕೂರಿಸಿ ಕೇಳಿದಾಗ ತೆಗೆದುಕೊಂಡದ್ದನ್ನು ಒಪ್ಪಿಕೊಂಡ. ತಿಂಗಳಿಗಿಷ್ಟೆಂದು ಹಿಂದಿರುಗಿಸುತ್ತಿದ್ದಾನೆ, ಇನ್ನೂ ಮುಗಿದಿಲ್ಲ. ಪಾಲಿಸಿಯ ಹಣ ಮಾತ್ರ ಬರಲಿಲ್ಲ, ಬರುವುದೂ ಇಲ್ಲ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಶಾಲೆಯ ಜಗುಲಿಯಲ್ಲಿ ಕುಳಿತಿರುತ್ತೇವೆ. ಟ್ರಂಕಿನಲ್ಲಿರುವ ಎಲ್ಲ ಕಾಗದಗಳನ್ನೂ ತನ್ನಿರಿ. ಪಿ.ಎಫ್. ನಂಬರು, ಬ್ಯಾಂಕಿನ ಪುಸ್ತಕ, ಆಧಾರ್ ಇವನ್ನೂ ತನ್ನಿರಿ. ಒಬ್ಬೊಬ್ಬರದನ್ನೂ ಓದಿ ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಡುತ್ತೇವೆ. ಅಜ್ಜೀ, ನೀವು ಕ್ಯಾಲೆಂಡರನ್ನೂ ತನ್ನಿರಿ, ಅದರ ಹಿಂದೆ ಏನಾದರೂ ನಂಬರು ಬರೆದಿದ್ದಾನೋ ನೋಡೋಣ.